ಆರೂವರೆಗೆ ನಿಂತ ಗಡಿಯಾರ: ಪೋಲಿ ನಾಟಕ ಬರೆಯುವ ಬ್ಯಾರನ್‌ನನ್ನು ನಾನು ಆಡಿಸಿದ್ದು

ಅವನು ಹುಟ್ಟಿದ್ದೇ ಅವಸರದಲ್ಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಅದನ್ನು ಆಡುವವರಿಗೆ ಈ ಪಾಡು ಗೊತ್ತಿರುತ್ತದೆ. ಆಟ ನಡೆಸುವ ಡಂಜನ್ ಮಾಸ್ಟರ್ ಮೂರು ಗಂಟೆ ಕೂತು ಒಂದು ಗುಹೆ ತಯಾರು ಮಾಡಿರುತ್ತಾನೆ, ಆಟಗಾರರು ಅದರ ಬಾಯಿಗೂ ಬರದೆ "ಈ ಊರಿಗೆ ಒಡೆಯ ಯಾರು? ಅವನನ್ನೇ ಕೇಳೋಣ" ಅಂತ ಹೊರಟುಬಿಡುತ್ತಾರೆ. ಒಡೆಯನ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಬ್ಯಾರನ್ ಪೆಂಡ್ರೋಲ್, ಐವತ್ತು ದಾಟಿದವನು, ಮಲಗುವ ಅಂಗಿಯಲ್ಲೇ ದರ್ಬಾರು ನಡೆಸುತ್ತಾನೆ, ಕಿವಿಯ ಮೇಲೆ ಗರಿಯ ಲೇಖನಿ, ಪೋಲಿ ನಾಟಕ ಬರೆಯುವ ಹುಚ್ಚು.

ಐದೂ ಜನ ನಕ್ಕರು. ಆ ನಗು ನನ್ನ ತಲೆಗೇರಿತು.

ಅವತ್ತು ಅವನನ್ನು ಸುಮ್ನೆ ಕಣ್ಣು ಹೊಡೆಯುವ ಮುದುಕನಾಗಿ ಆಡಿದೆ. ಎದುರಿಗೆ ಬಂದ ಪ್ರತಿ ಹೆಣ್ಣು ಪಾತ್ರಕ್ಕೂ ಏನೋ ಒಂದು ಮಾತು. ಮೊದಲ ಹತ್ತು ನಿಮಿಷ ನಗು ಬಂತು, ಆಮೇಲೆ ಬರೀ ಹಲ್ಲು ಕಾಣಿಸಿತು, ಆಮೇಲೆ ಎಲ್ಲರೂ ಫೋನ್ ನೋಡತೊಡಗಿದರು. ಗುಂಪಿನಲ್ಲಿದ್ದ ಒಬ್ಬ ಗೆಳತಿ ಮಾತೇ ನಿಲ್ಲಿಸಿದಳು. ಮರುದಿನ ಅವಳಿಂದ ಒಂದೇ ಸಾಲಿನ ಮೆಸೇಜು: "ಮುಂದಿನ ವಾರವೂ ಆ ಮುದುಕ ಇರ್ತಾನಾ?" ಅವನಿದ್ದರೆ ತಾನು ಬರುವುದಿಲ್ಲ ಅನ್ನುವುದು ಅದರಲ್ಲೇ ಇತ್ತು.

ಅವನನ್ನು ಅಲ್ಲಿಗೇ ಸಾಯಿಸಿಬಿಡಬಹುದಿತ್ತು. ಆದರೆ ತಪ್ಪು ನನ್ನದು, ಅವನದಲ್ಲ. ಮುಂದಿನ ವಾರ ಆಟಕ್ಕೆ ಮುಂಚೆ ಹದಿನೈದು ನಿಮಿಷ ಎಲ್ಲರನ್ನೂ ಕೂರಿಸಿ ಏನು ನಡೆಯುತ್ತದೆ, ಏನು ಬೇಡ ಅಂತ ಕೇಳಿದೆ. ಡಬಲ್ ಮೀನಿಂಗ್ ಇರಲಿ ಅಂದರು. ಆದರೆ ಆಟಗಾರರ ಪಾತ್ರಗಳ ಮೈಮೇಲೆ ಮಾತು ಬೇಡ, ಬಲವಂತದ ಪ್ರಸಂಗವಂತೂ ಬೇಡವೇ ಬೇಡ. ಮೇಜಿನ ನಡುವೆ ಎಕ್ಸ್ ಅಂತ ಬರೆದ ಒಂದು ಕಾರ್ಡ್ ಇಟ್ಟೆವು. ಯಾರು ಅದನ್ನು ಮುಟ್ಟಿದರೂ ಆ ಪ್ರಸಂಗ ಅಲ್ಲಿಗೇ ನಿಲ್ಲುತ್ತದೆ, ಯಾಕೆ ಅಂತ ಕೇಳುವಂತಿಲ್ಲ. ಕಾರ್ಡ್ ಇಟ್ಟರೆ ಮಜಾ ಹೋಗುತ್ತದೆ ಅನ್ನುವವರನ್ನು ನೋಡಿದ್ದೇನೆ. ನಮ್ಮಲ್ಲಿ ಉಲ್ಟಾ ಆಯಿತು, ಎಲ್ಲಿ ಗೆರೆ ಅಂತ ಗೊತ್ತಾದ ಮೇಲೆ ಜನ ಗೆರೆಯವರೆಗೂ ಧೈರ್ಯವಾಗಿ ಹೋದರು.

ಇನ್ನು ಬ್ಯಾರನ್‌ನ ರಿಪೇರಿ. ನಿಜವಾದ ಪೋಲಿ ಸಾಹಿತಿ ದೊರೆಗಳು ಹೇಗಿದ್ದರು ಅಂತ ಓದಿದೆ. ಮೊದಲು ಸಿಕ್ಕವನು ಜಾನ್ ವಿಲ್ಮಟ್, ಇಂಗ್ಲೆಂಡಿನ ರಾಚೆಸ್ಟರ್‌ನ ಅರ್ಲ್. 1647ರಲ್ಲಿ ಹುಟ್ಟಿ 1680ರಲ್ಲಿ, ಮೂವತ್ತಮೂರಕ್ಕೇ ಸತ್ತ. ರಾಜ ಎರಡನೇ ಚಾರ್ಲ್ಸ್‌ನ ಕೈಗೆ ರಾಜನನ್ನೇ ಗೇಲಿ ಮಾಡಿದ ಪದ್ಯ ಕೊಟ್ಟು ಆಸ್ಥಾನ ಬಿಟ್ಟು ಓಡಬೇಕಾಗಿ ಬಂದವನು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಅವನ ಚಿತ್ರವಿದೆ. ಪಕ್ಕದಲ್ಲಿ ಒಂದು ಕೋತಿ ಪುಸ್ತಕದ ಹಾಳೆ ಹರಿಯುತ್ತಿದೆ, ಇವನು ಅದರ ತಲೆಗೆ ಕವಿಗೆ ಹಾಕುವ ಎಲೆಯ ಕಿರೀಟ ಹಿಡಿದಿದ್ದಾನೆ. ಕೋತಿಯನ್ನು ಹಾಗೇ ಎತ್ತಿಕೊಂಡೆ. ನಮ್ಮ ಬ್ಯಾರನ್ ಬರೆದದ್ದನ್ನೆಲ್ಲ ಕೋತಿಯ ಮುಂದೆ ಇಡುತ್ತಾನೆ, ಅದು ಹರಿಯದೆ ಬಿಟ್ಟ ಹಾಳೆ ಮಾತ್ರ ರಂಗಕ್ಕೆ ಹೋಗುತ್ತದೆ. (ರಾಜನೇ ಕೂತು ಪ್ರಹಸನ ಬರೆದದ್ದು ನಮ್ಮ ಕಡೆಯೂ ಉಂಟು. ಏಳನೇ ಶತಮಾನದ ಪಲ್ಲವ ಮಹೇಂದ್ರವರ್ಮನ ಮತ್ತವಿಲಾಸದಲ್ಲಿ ಕುಡುಕ ಕಾಪಾಲಿಕನೊಬ್ಬ ನನ್ನ ಕಪಾಲ ಕದ್ದೆ ಅಂತ ಬೌದ್ಧ ಭಿಕ್ಷುವಿನ ಮೇಲೆ ಬೀಳುತ್ತಾನೆ, ಕೊನೆಗೆ ನೋಡಿದರೆ ಒಯ್ದದ್ದು ನಾಯಿ.)

ಆದರೆ ಅವನಿಗೆ ಜೀವ ಬಂದದ್ದು ಕೋತಿಯಿಂದಲ್ಲ. ಅವನನ್ನು ಮಡಿವಂತನನ್ನಾಗಿ ಮಾಡಿದೆ. ಬರೆಯುವುದು ಪೋಲಿ, ಆಡುವ ಮಾತು ಪರಮ ಸಭ್ಯ. ಯಾರಾದರೂ ಎದುರಿಗೆ ಕೆಟ್ಟ ಜೋಕ್ ಹೇಳಿದರೆ ಕಿವಿ ಕೆಂಪಾಗುತ್ತದೆ. ನಾಟಕದ ವಿಷಯದಲ್ಲಿ ಮಾತ್ರ ರಾಕ್ಷಸ. "ಇಲ್ಲಿ ಎರಡು ಕ್ಷಣ ಸುಮ್ಮನಿರಬೇಕು, ಒಂದೂವರೆ ಅಲ್ಲ" ಅಂತ ನಟನಿಗೆ ಬೈಯುತ್ತಾನೆ. ಅವನು ಗಂಭೀರನಾದ ಕೂಡಲೇ ಮೇಜಿನ ಸುತ್ತ ನಗು ಶುರುವಾಯಿತು. ಹೋದ ವಾರ ಬೆವರು ಸುರಿಸಿ ಹುಡುಕಿದ್ದ ನಗು ಅದು.

ನಾಟಕ ಬರೆಯುವುದು ಇನ್ನೊಂದು ಪಾಡು. ಇಡೀ ನಾಟಕ ಬರೆಯಲು ಹೋಗಬೇಡಿ, ನಾನು ಹೋಗಿ ಎರಡು ಸಂಜೆ ಹಾಳು ಮಾಡಿಕೊಂಡೆ. ಒಂದು ಹೆಸರು, ಮೂರು ಅಂಕದ ಕಥೆ, ಎಂಟು ಹತ್ತು ಮಾತು ಇದ್ದರೆ ಸಾಕು. ಮುಖ್ಯ ಗುಟ್ಟು ನನಗೆ ಸಿಕ್ಕಿದ್ದು ವಿಲಿಯಂ ವಿಚರ್ಲಿ ಬರೆದ, 1675ರಲ್ಲಿ ಆಡಿದ ದ ಕಂಟ್ರಿ ವೈಫ್ ನಾಟಕದಲ್ಲಿ. ಅದರ ಹೆಸರಾಂತ ದೃಶ್ಯದಲ್ಲಿ ಒಂದೂ ಕೆಟ್ಟ ಪದವಿಲ್ಲ. ಎಲ್ಲರೂ ಮಾತಾಡುವುದು ಪಿಂಗಾಣಿ ಪಾತ್ರೆಯ ಬಗ್ಗೆ, ಯಾರಿಗೆ ಸಿಕ್ಕಿತು, ಯಾರಿಗೆ ಉಳಿದಿಲ್ಲ ಅಂತ. ಪೋಲಿತನವೆಲ್ಲ ನೋಡುವವನ ತಲೆಯಲ್ಲಿ. ಹಾಗಾಗಿ ನಾನು ಒಂದು ಸಾಧು ವಸ್ತು ಹಿಡಿದೆ: ಗಡಿಯಾರ.

ನಾಟಕದ ಹೆಸರು "ಆರೂವರೆ". ವಯಸ್ಸಾದ ಗಂಡ, ಚಿಕ್ಕ ವಯಸ್ಸಿನ ಹೆಂಡತಿ, ದಿನಾ ರಾತ್ರಿ ಬರುವ ಗಡಿಯಾರ ರಿಪೇರಿಯವನು. ಒಂದು ತುಣುಕು ಹೀಗಿತ್ತು:

"ಒಂದು ಗಡಿಯಾರಕ್ಕೆ ಎಷ್ಟು ರಾತ್ರಿ ಬೇಕಯ್ಯಾ ನಿನಗೆ?"
"ಒಡೆಯರೇ, ಬಹಳ ದಿನದಿಂದ ಕೀಲಿ ಕೊಟ್ಟಿಲ್ಲ ನೀವು."
"ದಿನಾ ಕೊಡುತ್ತೇನಲ್ಲ!"
"ಕೊಡುತ್ತಾರೆ," ಅನ್ನುತ್ತಾಳೆ ಹೆಂಡತಿ, "ಆದರೂ ಎರಡೂ ಮುಳ್ಳು ಆರೂವರೆಗೇ ಬಂದು ನಿಲ್ಲುತ್ತವೆ."

ಮೇಜಿನಲ್ಲಿ ಎರಡು ಕ್ಷಣ ಮೌನ. ಆಮೇಲೆ ಒಬ್ಬ ತನ್ನ ಎರಡೂ ಕೈ ಕೆಳಗೆ ಇಳಿಬಿಟ್ಟು ತೋರಿಸಿದ. ಅಷ್ಟೇ, ಮುಂದಿನ ಐದು ನಿಮಿಷ ಆಟ ನಡೆಯಲಿಲ್ಲ.

ಆದರೆ ಜೋಕ್ ಮಾತ್ರ ಇದ್ದರೆ ಆಟಗಾರರಿಗೆ ಮಾಡಲು ಏನಿದೆ? ಇಂಗ್ಲೆಂಡಿನಲ್ಲಿ 1737ರ ಕಾನೂನಿನಿಂದ ಹಿಡಿದು 1968ರವರೆಗೆ ಹೊಸ ನಾಟಕವನ್ನು ಆಡುವ ಮೊದಲು ಲಾರ್ಡ್ ಚೇಂಬರ್ಲಿನ್‌ನ ಕಚೇರಿಗೆ ಒಪ್ಪಿಸಿ ಪರವಾನಗಿ ಪಡೆಯಬೇಕಿತ್ತು. ನನ್ನ ಲೋಕದಲ್ಲೂ ಅಂಥ ಒಬ್ಬ ಅಧಿಕಾರಿಯನ್ನು ಕೂರಿಸಿದೆ, ಕೈಗೆ ಕೆಂಪು ಶಾಯಿ ಕೊಟ್ಟೆ. ಬ್ಯಾರನ್ ಅವನಿಗಾಗಿಯೇ ಮೂವತ್ತು ಅತಿ ಕೊಳಕು ಸಾಲು ತುರುಕುತ್ತಾನೆ. ಅಧಿಕಾರಿ ಮೂವತ್ತನ್ನೂ ಹೊಡೆದುಹಾಕಿ ಕೆಲಸ ಮುಗಿಯಿತು ಅಂತ ಮೊಹರು ಒತ್ತುತ್ತಾನೆ. ಉಳಿದ ಸಾಲುಗಳಲ್ಲಿ ಆ ಮುದುಕ ಗಂಡ ಮತ್ತೆ ಮತ್ತೆ "ಕೀಲಿ ನನ್ನ ಹತ್ತಿರವೇ ಇದೆ, ಒಳಗೆ ಏನೂ ಇಲ್ಲ" ಅನ್ನುತ್ತಾನೆ. ಅದು ರಾಜನ ಖಜಾಂಚಿಯ ಮಾತಿನ ಧಾಟಿ. ಖಜಾನೆ ಖಾಲಿ ಮಾಡಿದವನು ಯಾರು ಅಂತ ಬ್ಯಾರನ್ ಇಡೀ ಊರಿಗೆ ಹೇಳುತ್ತಿದ್ದ, ಜನ ಗಡಿಯಾರಕ್ಕೆ ನಗುತ್ತಿದ್ದರು. ಆಟಗಾರರಿಗೆ ಇದು ಹೊಳೆಯಲು ಎರಡು ವಾರ ಹಿಡಿಯಿತು. ಹೊಳೆದ ಮೇಲೆ, ಖಜಾಂಚಿ ನೋಡಲು ಬರುವ ರಾತ್ರಿ ತಾವೇ ಆ ನಾಟಕ ಆಡುತ್ತೇವೆ ಅಂದರು.

ನಿಯಮ ಸರಳವಾಗಿಟ್ಟೆ. ಅಂಕಕ್ಕೆ ಒಂದು ಸಲ ಇಪ್ಪತ್ತು ಮುಖದ ದಾಳ, ಬಿದ್ದ ಸಂಖ್ಯೆಗೆ ಪಾತ್ರದ ಪರ್ಫಾರ್ಮೆನ್ಸ್, ಅಂದರೆ ಅಭಿನಯದ ಲೆಕ್ಕ ಸೇರಿಸಬೇಕು, ಮೂರು ಅಂಕಕ್ಕೆ ಮುಟ್ಟಬೇಕಾದ ಗುರಿ 12, 14, 16. ಸೋತರೆ ನಾಟಕ ನಿಲ್ಲುವುದಿಲ್ಲ, ಬದಲಿಗೆ ರಂಗದ ಮೇಲೆ ಏನಾದರೂ ಎಡವಟ್ಟಾಗುತ್ತದೆ. ಇದೊಂದನ್ನು ಬಿಡಬೇಡಿ, ಪೂರ್ತಿ ಗೆದ್ದ ನಾಟಕ ಯಾರಿಗೂ ನೆನಪಿರುವುದಿಲ್ಲ. ನಮ್ಮ ಬಾರ್ಬೇರಿಯನ್, ಅಂದರೆ ಆಟದಲ್ಲಿ ಒರಟು ಯೋಧನಾಗಿದ್ದವನು, ಗಂಡನ ಪಾತ್ರ ಮಾಡಿದ. ಮೊದಲ ಅಂಕದಲ್ಲೇ ಅವನಿಗೆ 1 ಬಿತ್ತು. ಅವನ ಕರಿಸ್ಮಾ, ಅಂದರೆ ಜನರನ್ನು ಸೆಳೆಯುವ ಗುಣ, ಬರೀ 8, ಅಂದರೆ ದಾಳದ ಸಂಖ್ಯೆಗೆ ಮೈನಸ್ ಒಂದು, ಒಟ್ಟು ಸೊನ್ನೆ. ಮಾತು ಮರೆತು ಕೀಲಿ ಹಿಡಿದು ನಿಂತುಬಿಟ್ಟ. ಬ್ಯಾರನ್ ರಂಗದ ಕೆಳಗಿನಿಂದ ಮಾತು ಕೊಡುತ್ತಾನೆ, ಇವನು ಅದನ್ನು ಅಕ್ಷರ ಬಿಡದೆ, "ಮೆಲ್ಲಗೆ ಹೇಳು ಕತ್ತೆ" ಅನ್ನುವುದನ್ನೂ ಸೇರಿಸಿ, ಜೋರಾಗಿ ಒಪ್ಪಿಸಿದ.

ಹೆಂಡತಿಯ ಪಾತ್ರ ಕೇಳಿ ತೆಗೆದುಕೊಂಡವಳು ಆ ಗೆಳತಿಯೇ. ಕೊನೆಯ ಅಂಕದಲ್ಲಿ ಅವಳಿಗೆ 19 ಬಿತ್ತು. ನಾನು ಬರೆದಿದ್ದ ಪ್ರಕಾರ ಗಂಡ "ಈಗ ಗಂಟೆ ಎಷ್ಟು?" ಅಂತ ಕೇಳಬೇಕು, ಅವಳು "ತಡವಾಯಿತು" ಅನ್ನಬೇಕು. ಬಾರ್ಬೇರಿಯನ್ ಕೇಳಿದ. ಅವಳು ಎರಡು ಕ್ಷಣ, ಸರಿಯಾಗಿ ಎರಡೇ ಕ್ಷಣ, ಸುಮ್ಮನಿದ್ದು ಕೇಳಿದಳು:

"ನಿಮ್ಮ ಗಡಿಯಾರದಲ್ಲೋ, ಅವನದರಲ್ಲೋ?"

ಬ್ಯಾರನ್ ಕಿವಿ ಕೆಂಪು ಮಾಡಿಕೊಂಡು ಗರಿ ತೆಗೆದು ಆ ಸಾಲು ಬರೆದುಕೊಂಡ. ಕೋತಿ ಆ ಹಾಳೆ ಹರಿಯಲಿಲ್ಲ.