ಡೆಬಿಯನ್ ಪೆನ್‌ಡ್ರೈವ್ ಮಾಡುವುದು: ಮನೆಯಲ್ಲೇ ಪರೀಕ್ಷೆ ಮುಗಿಸಿ ಹೊರಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಆಮೇಲೆ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಜಾಸ್ತಿಯಾದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಈ ಯಂತ್ರಗಳಲ್ಲಿ ಅದಿಲ್ಲ. ಆದರೆ ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಮಗುವಿನ ಓದಿಗೆ ಬೇಕಾದಷ್ಟು ಶಕ್ತಿಯೂ ಇದೆ. ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಇಂಥವಕ್ಕೆ ನಾನು ಡೆಬಿಯನ್ ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. ಹಳ್ಳಿ ಶಾಲೆಯ ಲ್ಯಾಬ್‌ಗಳಿಗೂ ಹೋಗಿ ಹಾಕುತ್ತೇನೆ. ಅಲ್ಲಿ ಇಂಟರ್ನೆಟ್ ನಂಬುವಂತಿಲ್ಲ. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಮತ್ತೆ ಡೌನ್‌ಲೋಡ್ ಮಾಡುವ ದಾರಿಯೇ ಇರುವುದಿಲ್ಲ. ಹಾಗಾಗಿ ನನ್ನ ನಿಜವಾದ ಕೆಲಸವೆಲ್ಲ ಹೊರಡುವ ಮುಂಚೆಯೇ ಮುಗಿದಿರಬೇಕು.

ಮೊದಲು ಯಾವ ಇಮೇಜ್ (ಪೆನ್‌ಡ್ರೈವ್‌ಗೆ ಬರೆಯುವ ಇನ್‌ಸ್ಟಾಲ್ ಕಡತ) ಅನ್ನುವುದು ತೀರ್ಮಾನವಾಗಬೇಕು. ಡೆಬಿಯನ್ ತಾಣದಲ್ಲಿ ಎದುರಿಗೇ ಸಿಗುವುದು ನೆಟ್‌ಇನ್‌ಸ್ಟ್. ಅದು ಚಿಕ್ಕದು, ಬೇಗ ಇಳಿಯುತ್ತದೆ. ಆದರೆ ಅದರಲ್ಲಿರುವುದು ಬುನಾದಿ ಮಾತ್ರ, ಡೆಸ್ಕ್‌ಟಾಪ್ ಎಲ್ಲ ಇನ್‌ಸ್ಟಾಲ್ ಆಗುವಾಗ ನೆಟ್‌ನಿಂದ ಬರಬೇಕು. ನಾನು ಇಳಿಸಿಕೊಳ್ಳುವುದು ಡಿವಿಡಿ-1. ಸುಮಾರು 4 ಜಿಬಿ ಇರುತ್ತದೆ, 8 ಜಿಬಿ ಪೆನ್‌ಡ್ರೈವ್ ಸಾಕು. ನೆಟ್ ಇಲ್ಲದೆಯೇ ಡೆಸ್ಕ್‌ಟಾಪ್‌ವರೆಗೆ ಮುಟ್ಟಿಸುತ್ತದೆ. ಮೊದಲೆಲ್ಲ ವೈಫೈ ಚಿಪ್‌ಗಳ ಫರ್ಮ್‌ವೇರ್ (ಚಿಪ್ ಕೆಲಸ ಮಾಡಲು ಬೇಕಾದ ಒಳ ತಂತ್ರಾಂಶ) ಅಧಿಕೃತ ಇಮೇಜ್‌ನಲ್ಲಿ ಇರುತ್ತಿರಲಿಲ್ಲ, ಬೇರೆ ಇಮೇಜ್ ಹುಡುಕಬೇಕಿತ್ತು. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಇದನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇಮೇಜ್‌ನ ಒಳಗೇ ಇದೆ. ಹಳೆಯ ಲ್ಯಾಪ್‌ಟಾಪ್‌ಗಳ ಜೊತೆ ಗುದ್ದಾಡುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಯಂತ್ರ 32 ಬಿಟ್‌ನದಾದರೆ ಡೆಬಿಯನ್ 13 ಆಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಅವಕ್ಕೆ 12ರ ಇಮೇಜ್ ಒಂದನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ.

ಇಳಿಸಿದ ಮೇಲೆ ಎರಡು ಪರೀಕ್ಷೆ. ಇಮೇಜ್ ಇರುವ ಫೋಲ್ಡರ್‌ನಲ್ಲೇ ಎಸ್‌ಎಚ್‌ಎ512 ಮೊತ್ತಗಳ (ಇಮೇಜ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆಗಳ) ಕಡತ, ಅದರ ಸಹಿಯ ಕಡತ ಎರಡೂ ಸಿಗುತ್ತವೆ. ಮೊತ್ತ ತಾಳೆಯಾದರೆ ಡೌನ್‌ಲೋಡ್ ಪೂರ್ತಿ ಸರಿಯಾಗಿ ಬಂದಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಇಮೇಜ್ ಬದಲಿಸಿದವರು ಮೊತ್ತದ ಕಡತವನ್ನೂ ಬದಲಿಸಬಹುದು ಅಲ್ವಾ? ಅದಕ್ಕೇ ಡಿಜಿಟಲ್ ಸಹಿ ಪರೀಕ್ಷಿಸುವ ಜಿಪಿಜಿ ತಂತ್ರಾಂಶದಿಂದ ಸಹಿಯನ್ನೂ ನೋಡುತ್ತೇನೆ. ಸಹಿ ಹಾಕಿದ ಕೀಲಿಯ ಬೆರಳಚ್ಚನ್ನು (ಆ ಕೀಲಿಯನ್ನು ಗುರುತಿಸುವ ಸಂಖ್ಯೆಯನ್ನು) ಡೆಬಿಯನ್ ತಾಣದಲ್ಲಿ ಕೊಟ್ಟಿರುವುದರ ಜೊತೆ ಕಣ್ಣಿಂದಲೇ ಹೋಲಿಸಿ ನೋಡುತ್ತೇನೆ. ಐದು ನಿಮಿಷದ ಕೆಲಸ. ಬೇರೆಯವರ ಮಕ್ಕಳು ಬಳಸುವ ಕಂಪ್ಯೂಟರ್, ಅದಕ್ಕೆ ಈ ಐದು ನಿಮಿಷ ಕೊಡಲೇಬೇಕು.

ಪೆನ್‌ಡ್ರೈವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಮ್ಮೆ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕಿದ 64 ಜಿಬಿಯ ಒಂದನ್ನು ತಂದೆ. ಒಳಗಿದ್ದದ್ದು ಅದರ ಸಣ್ಣ ಭಾಗ ಮಾತ್ರ. ಚಿಪ್ ತನ್ನ ಗಾತ್ರವನ್ನು ಸುಳ್ಳು ಹೇಳುತ್ತದೆ, ಜಾಗ ಮುಗಿದ ಮೇಲೂ ಬರೆದೆ ಅನ್ನುತ್ತದೆ, ಬರೆದದ್ದು ಎಲ್ಲೂ ಉಳಿದಿರುವುದಿಲ್ಲ. ಇದನ್ನು ಹಿಡಿಯಲು ಎಫ್3 ಎಂಬ ಮುಕ್ತ ತಂತ್ರಾಂಶವಿದೆ. ಅದು ಡ್ರೈವ್ ತುಂಬ ಗುರುತು ಬರೆದು, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತದೆ. ಹೊಸ ಪೆನ್‌ಡ್ರೈವ್ ತಂದರೆ ಮೊದಲು ಎಫ್3ಗೆ ಕೊಡುತ್ತೇನೆ, ಆಮೇಲೆ ಉಳಿದ ಮಾತು.

ಬರೆಯುವುದು ಸುಲಭ. ಡೆಬಿಯನ್ ಇಮೇಜ್ ಹೈಬ್ರಿಡ್ ಬಗೆಯದು. ಡಿವಿಡಿಗೆ ಸುಟ್ಟರೂ ಸರಿ, ಪೆನ್‌ಡ್ರೈವ್‌ಗೆ ಇದ್ದದ್ದು ಇದ್ದ ಹಾಗೆ ಸುರಿದರೂ ಸರಿ, ಬೂಟ್ ಆಗುತ್ತದೆ. ಯಂತ್ರವನ್ನು ಶುರು ಮಾಡುವ ಹಳೆಯ ಬಯಾಸ್‌ನಲ್ಲೂ ಆಗುತ್ತದೆ, ಅದರ ಜಾಗಕ್ಕೆ ಬಂದ ಯುಇಎಫ್‌ಐನಲ್ಲೂ ಆಗುತ್ತದೆ. ಲಿನಕ್ಸ್‌ನಲ್ಲಿ ನಾನು ಬಳಸುವುದು ಡಿಡಿ ಎಂಬ ಆಜ್ಞೆ. ವಿಂಡೋಸ್‌ನಲ್ಲಿ ರೂಫಸ್ ಎಂಬ ತಂತ್ರಾಂಶ ಬಳಸಿದರೆ, ಅದು ಕೇಳಿದಾಗ ಡಿಡಿ ಮೋಡ್ ಆರಿಸುತ್ತೇನೆ. ಡಿಡಿ ಯಾವ ಡಿಸ್ಕ್‌ಗೆ ಬರೆ ಅಂದರೂ ಮರುಮಾತಿಲ್ಲದೆ ಬರೆಯುತ್ತದೆ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಮರುಬೂಟ್ ಆದಾಗ ಅದಲುಬದಲಾಗಬಹುದು. ಆದ್ದರಿಂದ ಆ ಹೆಸರುಗಳನ್ನು ನಾನು ಬಳಸುವುದೇ ಇಲ್ಲ. ಡಿಸ್ಕ್‌ಗಳನ್ನು ಗುರುತಿನ ಮೇಲೆ ಪಟ್ಟಿ ಮಾಡುವ 'ಬೈ-ಐಡಿ' ಫೋಲ್ಡರ್ ಒಂದಿದೆ. ಅಲ್ಲಿ ಪೆನ್‌ಡ್ರೈವ್‌ನ ಹೆಸರು 'ಯುಎಸ್‌ಬಿ' ಅಂತಲೇ ಶುರುವಾಗುತ್ತದೆ, ಜೊತೆಗೆ ಕಂಪನಿ ಹೆಸರೂ ಕ್ರಮಸಂಖ್ಯೆಯೂ ಇರುತ್ತವೆ. ಒಳಗಿನ ಸಾಟಾ ಡಿಸ್ಕ್‌ಗೆ ಆ ಹೆಸರು ಬರಲು ಸಾಧ್ಯವೇ ಇಲ್ಲ. ಇನ್ನೊಂದು ಮಾತು: ಬರೆಯಬೇಕಾದದ್ದು ಇಡೀ ಡಿಸ್ಕ್‌ಗೆ, ಕೊನೆಗೆ 'ಪಾರ್ಟ್1' ಅಂತಿರುವ ಭಾಗಕ್ಕಲ್ಲ.

ಬರೆಯುವಾಗ ಮೊದಲ ಕೆಲವು ಸೆಕೆಂಡ್ ವೇಗ ಭರ್ಜರಿಯಾಗಿ ಕಾಣುತ್ತದೆ. ಅದು ಪೆನ್‌ಡ್ರೈವ್‌ನ ವೇಗವಲ್ಲ. ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಸೆಕೆಂಡಿಗೆ 8 ಎಂಬಿ ಬರೆಯುವ ಡ್ರೈವ್‌ಗೆ 4 ಜಿಬಿ ತುಂಬಲು ಎಂಟು ನಿಮಿಷಕ್ಕೂ ಜಾಸ್ತಿ ಬೇಕು. ಪರದೆಯ ಮೇಲೆ ಏನೇ ಕಾಣಲಿ, ಲೆಕ್ಕ ಅದೇ. ಹಾಗಾಗಿ ಡಿಡಿಗೆ ಎಫ್‌ಸಿಂಕ್ ಆಯ್ಕೆ ಸೇರಿಸುತ್ತೇನೆ. ಎಲ್ಲವೂ ಡ್ರೈವ್‌ಗೆ ಇಳಿದ ಮೇಲೇ ಆಜ್ಞೆ ಮುಗಿಯುತ್ತದೆ.

ಇಲ್ಲಿಗೆ ಆಯಿತು ಅಂತ ತುಂಬಾ ಜನ ನಿಲ್ಲಿಸುತ್ತಾರೆ. ನಾನು ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚುತ್ತೇನೆ. ಸುಮ್ನೆ ಅಲ್ಲ. ಕೀಳದೆ ಓದಿದರೆ ಲಿನಕ್ಸ್ ರ‍್ಯಾಮ್‌ನಲ್ಲಿ ಉಳಿದ ಪ್ರತಿಯನ್ನೇ ತೋರಿಸಬಹುದು. ಡ್ರೈವ್‌ನಲ್ಲಿ ಏನಿದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಮತ್ತೆ ಚುಚ್ಚಿದ ಮೇಲೆ ಸಿಎಂಪಿ ಆಜ್ಞೆಯಿಂದ ಇಮೇಜನ್ನೂ ಡ್ರೈವನ್ನೂ ಬೈಟ್ ಬೈಟಾಗಿ ಹೋಲಿಸುತ್ತೇನೆ. ಇಮೇಜ್‌ನ ಗಾತ್ರ ಎಷ್ಟೋ ಅಷ್ಟು ಬೈಟ್‌ಗೆ ಮಾತ್ರ, ಯಾಕೆಂದರೆ ಡ್ರೈವ್ ಅದಕ್ಕಿಂತ ದೊಡ್ಡದು. ಸಿಎಂಪಿ ಏನೂ ಹೇಳದೆ ಮುಗಿದರೆ ಎರಡೂ ಒಂದೇ. ಎಲ್ಲೋ ಒಂದು ಬೈಟ್ ಬೇರೆಯಾಗಿದೆ ಅಂದರೆ ಮತ್ತೊಮ್ಮೆ ಬರೆಯುತ್ತೇನೆ. ಆಗಲೂ ಹಾಗೇ ಆದರೆ ಆ ಡ್ರೈವ್ ನನ್ನ ಚೀಲಕ್ಕೆ ಸೇರುವುದಿಲ್ಲ. ಇನ್‌ಸ್ಟಾಲ್ ಮಧ್ಯೆ ಯಾವುದೋ ಪ್ಯಾಕೇಜ್ ಹಾಳಾಗಿದೆ ಅಂತ ಬರುವ ದೋಷಕ್ಕೆ ಕಾರಣ ಪೆನ್‌ಡ್ರೈವೇ ಆಗಿರಬಹುದು. ಅದನ್ನು ಅಲ್ಲಿ ಕೂತು ಹುಡುಕುವುದಕ್ಕಿಂತ ಮನೆಯಲ್ಲೇ ತಿಳಿಯುವುದು ಮೇಲು.

ಬರೆದ ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದರೆ 'ಫಾರ್ಮ್ಯಾಟ್ ಮಾಡಲೇ' ಅಂತ ಕೇಳಬಹುದು. ಯಾರಿಗಾದರೂ ಡ್ರೈವ್ ಕೊಟ್ಟು ಕಳಿಸುವಾಗ ಇದನ್ನು ತಪ್ಪದೆ ಹೇಳುತ್ತೇನೆ: ಬೇಡ ಅನ್ನಿ.

ಪೆನ್‌ಡ್ರೈವ್‌ನಿಂದ ಶುರು ಮಾಡಲು ಯಂತ್ರ ಆನ್ ಆಗುವಾಗ ತೆರೆಯುವ ಬೂಟ್ ಮೆನುವಿನ ಕೀಲಿ ಕಂಪನಿಗೊಂದು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ, ವಿಂಡೋಸ್ ಯುಇಎಫ್‌ಐನಲ್ಲಿದ್ದು ಅದನ್ನೂ ಉಳಿಸಿಕೊಳ್ಳಬೇಕಾದಾಗ, 'ಯುಇಎಫ್‌ಐ' ಅಂತಿರುವುದನ್ನೇ ಆರಿಸಬೇಕು. ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡಬೇಕಿಲ್ಲ. 2019ರ ಡೆಬಿಯನ್ 10ರಿಂದ ಅದಕ್ಕೆ ಬೆಂಬಲವಿದೆ.

ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಆದರೆ ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿದರೆ ಮಾತ್ರ. ಅಕ್ಷರ ಪರದೆಯ ಇನ್‌ಸ್ಟಾಲರ್‌ಗೆ ನಮ್ಮ ಒತ್ತಕ್ಷರ ಮೂಡಿಸಲು ಬರುವುದಿಲ್ಲ, ಹಾಗಾಗಿ ಅಲ್ಲಿ ಕನ್ನಡ ಕಾಣುವುದೇ ಇಲ್ಲ. ಶಾಲೆಗಳಲ್ಲಿ ನಾನು ಕನ್ನಡವನ್ನೇ ಆರಿಸಿ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಂದಲೇ ಮುಂದೆ ಒತ್ತಿಸುತ್ತೇನೆ. ಡಿಸ್ಕ್ ಭಾಗ ಮಾಡುವ ಪುಟ ಕನ್ನಡದಲ್ಲಿದ್ದರೆ ಅವರೇ ಓದಿ ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷ್‌ನಲ್ಲಿದ್ದರೆ ನನ್ನ ಮುಖ ನೋಡಿ ಸರಿ ಅನ್ನುತ್ತಾರೆ. ಕೀಬೋರ್ಡ್ ಮಾತ್ರ ಇಂಗ್ಲಿಷ್ ಇಡುತ್ತೇನೆ, ಲಾಗಿನ್ ಹೆಸರು, ಗುಪ್ತಪದಕ್ಕೆ ಅದೇ ಸಲೀಸು.

ನೆಟ್ ಇಲ್ಲದ ಕಡೆ 'ನೆಟ್‌ವರ್ಕ್ ಮಿರರ್ (ನೆಟ್‌ನಲ್ಲಿರುವ ಡೆಬಿಯನ್ ಸರ್ವರ್) ಬಳಸಲೇ' ಅಂದರೆ ಬೇಡ ಅನ್ನಬೇಕು. ಹಾಗೆ ಇನ್‌ಸ್ಟಾಲ್ ಆದ ಯಂತ್ರದಲ್ಲಿ ತಂತ್ರಾಂಶ ತಂದು ಹಾಕುವ ಏಪ್ಟ್‌ನ ಮೂಲಗಳ ಪಟ್ಟಿಯಲ್ಲಿ ಡಿವಿಡಿಯ ಸಾಲು ಉಳಿದುಬಿಡುತ್ತದೆ. ಮುಂದೆ ಏನೇ ಹಾಕಲು ಹೋದರೂ ಡಿಸ್ಕ್ ಹಾಕಿ ಅಂತ ಕೇಳುತ್ತದೆ. ಹೊರಡುವ ಮುಂಚೆ ಆ ಸಾಲಿನ ಮುಂದೆ ಹ್ಯಾಶ್ ಗುರುತು (#) ಹಾಕಿ ಏಪ್ಟ್ ಅದನ್ನು ಓದದಂತೆ ಮಾಡಿ, ನೆಟ್ ಬಂದಾಗ ಅಪ್‌ಡೇಟ್ ಸಿಗುವಂತೆ ಡೆಬಿಯನ್ ಸರ್ವರ್‌ನ ಸಾಲು ಸೇರಿಸಿ ಬರುತ್ತೇನೆ.