ಅಮ್ಮನ ಕ್ರೋಶಾ ಲೇಸು ಬೀರುವಿನಲ್ಲೇ ಹರಿಯದಿರಲಿ

ಅಮ್ಮನೋ ಅತ್ತೆಯೋ ಕೊಕ್ಕೆಸೂಜಿಯಲ್ಲಿ ಹಾಕಿಟ್ಟ ಕ್ರೋಶಾ ಲೇಸಿನ ಮೇಜುಬಟ್ಟೆ, ಬಾಗಿಲ ತೋರಣ ನಿಮ್ಮ ಬೀರುವಿನಲ್ಲೂ ಇರಬಹುದು, ಅಲ್ವಾ? ಒಮ್ಮೆ ತೆಗೆದು ಬಿಡಿಸಿ ನೋಡಿ. ಹರಿದಿದ್ದರೆ ಹೆಚ್ಚಾಗಿ ಮಡಿಕೆ ಬಿದ್ದ ಗೆರೆಯಲ್ಲೇ ಹರಿದಿರುತ್ತದೆ. ಇಂಥವು ಬಳಸಿ ಹಾಳಾಗುವುದಕ್ಕಿಂತ ಸುಮ್ನೆ ಇಟ್ಟು ಹಾಳಾಗುವುದೇ ಜಾಸ್ತಿ.

ಲೇಸಿನ ನಡುವೆ ಲಿನನ್ ಬಟ್ಟೆ ಇದ್ದರಂತೂ ಮಡಚಲೇಬೇಡಿ. ಲಿನನ್ ಅಂದರೆ ಅಗಸೆ ಗಿಡದ ನಾರು. ಚಟ್ನಿಪುಡಿ ಮಾಡುತ್ತೇವಲ್ಲ, ಅದೇ ಅಗಸೆ. ಒದ್ದೆಯಿದ್ದಾಗ ಈ ನಾರು ಗಟ್ಟಿ. ಒಣಗಿದ ಮೇಲೆ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಚಿದರೆ ಮುರಿಯುತ್ತದೆ. ರಟ್ಟಿನ ಕೊಳವೆಗೆ ಹಳೆಯ ಬಿಳಿ ಪಂಚೆ ಸುತ್ತಿ, ಅದರ ಮೇಲೆ ಇದನ್ನು ಸುರುಳಿ ಸುತ್ತಿಡಿ. ಗಂಜಿ ಹಾಕಿ ಎತ್ತಿಡಬೇಡಿ, ಗಂಜಿಯ ಆಸೆಗೆ ಹುಳ ಬರುತ್ತವೆ. ಗಂಜಿ ಏನಿದ್ದರೂ ಹಾಸುವ ಹಿಂದಿನ ದಿನ.

ಒಗೆಯುವ ಮುಂಚೆ ಕಿತ್ತ ಎಳೆಗಳನ್ನು ಸೂಜಿದಾರದಿಂದ ಹಿಡಿದು ಹಾಕಿ. ನೀರಿಗೆ ಬಿದ್ದರೆ ತೂತು ದೊಡ್ಡದಾಗುತ್ತದೆ. ಉಗುರುಬೆಚ್ಚಗಿನ ನೀರು, ಖಾರವಿಲ್ಲದ ಸೋಪು ಸಾಕು. ಉಜ್ಜದೆ ಅದ್ದಿ ಅದ್ದಿ ತೆಗೆಯಿರಿ. ಅಂಟುವಾಳ ರೇಷ್ಮೆಗೆ ಸರಿ, ಬಿಳಿ ಲೇಸಿಗೆ ಅದರ ಬಣ್ಣ ಹತ್ತಬಹುದು. ಬ್ಲೀಚ್ ಬೇಡವೇ ಬೇಡ, ಕಲೆಯ ಜೊತೆ ನೂಲಿನ ಜೀವವೂ ಹೋಗುತ್ತದೆ. ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾದರೆ ಗಾಬರಿಯಾಗಬೇಡಿ. ಚೆನ್ನಾಗಿ ಜಾಲಿಸಿ, ಒದ್ದೆಯಲ್ಲೇ ಬಿಸಿಲಿಗೆ ಹರವಿ. ಬಿಸಿಲೇ ಅದನ್ನು ತಿಂದುಹಾಕುತ್ತದೆ.

ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಲೇಸು ಜೋಲುತ್ತದೆ. ಹಾಸಿಗೆಯ ಮೇಲೆ ಒಣ ಟವೆಲ್ ಹಾಸಿ, ಮೊದಲು ನಾಲ್ಕು ಮೂಲೆ, ಆಮೇಲೆ ಒಂದೊಂದೇ ದಳ ಎಳೆದು ಪಿನ್ ಚುಚ್ಚಿ. ತುಕ್ಕು ಹಿಡಿಯದ ಸ್ಟೀಲ್ ಪಿನ್ನೇ ಇರಲಿ. ಒಣಗಿದ ಮೇಲೆ ನೋಡಿ, ಇಸ್ತ್ರಿ ಬೇಕು ಅನ್ನಿಸುವುದೇ ಇಲ್ಲ.

ಇನ್ನು ಲೇಸು ಹಾಕುವ ಕುಣಿಕೆಗಳ ಲೆಕ್ಕ. ನಮ್ಮ ಹೆಂಗಸರು ಅದನ್ನು ಬರೆದಿಟ್ಟವರಲ್ಲ, ಪಕ್ಕದಲ್ಲಿ ಕೂತು ನೋಡಿ ಕಲಿತವರು. ಆಂಧ್ರದ ನರಸಾಪುರದ ಕಡೆಯೂ ಹಾಗೇ, ತಾಯಿಂದ ಮಗಳಿಗೆ ಬಂದ ಕಸುಬು. ಅಲ್ಲಿನ ಕ್ರೋಶಾ ಲೇಸಿಗೆ 2024ರಲ್ಲಿ ಜಿಐ ಗುರುತು, ಅಂದರೆ ಇದು ಆ ಊರಿನದೇ ಎಂಬ ಅಧಿಕೃತ ಮುದ್ರೆ, ಸಿಕ್ಕಿತು. ನಮ್ಮ ಮನೆಯ ಮಾದರಿಗೆ ಯಾರೂ ಗುರುತು ಕೊಡುವುದಿಲ್ಲ, ನಾವೇ ಉಳಿಸಿಕೊಳ್ಳಬೇಕು. ಲೇಸನ್ನು ಕಪ್ಪು ಬಟ್ಟೆಯ ಮೇಲಿಟ್ಟರೆ ಒಂದೊಂದು ಚೈನೂ (ಸರಪಳಿಯಂಥ ಕುಣಿಕೆ) ಎದ್ದು ಕಾಣುತ್ತದೆ. ಫೋಟೊ ತೆಗೆಯಿರಿ, ಎಣಿಸಿ ಬರೆದುಕೊಳ್ಳಿ. ಅಂಗೈ ಅಗಲದ ಒಂದು ತುಂಡು ಹಾಕಿ ಜೊತೆಗಿಡಿ. ಅಂಚಿಗಿಂತ ಮೂಲೆ ತಿರುಗಿಸುವುದೇ ಕಷ್ಟ, ಆ ತುಂಡಿನಲ್ಲಿ ಮೂಲೆ ಇರಲೇಬೇಕು. ದಾರದ ನಂಬರನ್ನೂ ಬರೆಯಿರಿ. ನಂಬರ್ ಜಾಸ್ತಿಯಾದಷ್ಟೂ ದಾರ ಸಣ್ಣ, 20ಕ್ಕಿಂತ 40 ನಾಜೂಕು. ಹಳೆಯ ಲೇಸಿಗೆ ಹೊಸ ದಾರ ಸೇರಿಸುವುದಾದರೆ ಮೊದಲು ದಾರವನ್ನು ನೆನೆಸಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಷ್ಟು ಜಾಗ ಮಾತ್ರ ಮುದುಡಿಕೊಳ್ಳುತ್ತದೆ.