ಹಳೆಯ ಸ್ಕೂಟರನ್ನು ಪ್ರದರ್ಶನಕ್ಕೆ ಸಜ್ಜುಗೊಳಿಸುವ ಕ್ರಮ: ಬಣ್ಣಕ್ಕೆ ಮೊದಲಿನ ಕೆಲಸಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳೆಯ ಮನೆಗಳಲ್ಲಿ, ಪಡಸಾಲೆಯ ಮೂಲೆಯಲ್ಲೋ ಕೊಟ್ಟಿಗೆಯ ಗೋಡೆಗೆ ಒರಗಿಸಿದಂತೆಯೋ, ಗೋಣಿಚೀಲ ಹೊದ್ದು ನಿಂತಿರುವ ಬಜಾಜ್, ಲ್ಯಾಂಬ್ರೆಟಾ, ವಿಜಯ್ ಸೂಪರ್ ಸ್ಕೂಟರುಗಳು ಇಂದಿಗೂ ಸಿಗುತ್ತವೆ. ಅವನ್ನು ಹೊರಗೆಳೆದವರಲ್ಲಿ ಬಹಳಷ್ಟು ಮಂದಿ ಮೊದಲು ಹೋಗುವುದು ಪೇಂಟರ್ ಬಳಿಗೆ. ಹೊಳೆಯುವ ಬಣ್ಣ ಬಂದ ಮೇಲೆ ಎಂಜಿನ್ ಬಿಚ್ಚುತ್ತಾರೆ, ಆಮೇಲೆ ಕಾಗದಪತ್ರ ಹುಡುಕುತ್ತಾರೆ. ಈ ಕ್ರಮ ಪೂರ್ತಿ ತಲೆಕೆಳಗಾದುದು. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಕಾರ್ಖಾನೆಯಿಂದ ಬಂದ ತಗಡು, ಮೂಲ ಎಂಜಿನ್, ಮೊದಲ ಮಾಲೀಕರ ದಾಖಲೆಗಳು ಒಮ್ಮೆ ಕೈಬಿಟ್ಟರೆ ಎಷ್ಟು ಹಣ ಕೊಟ್ಟರೂ ಮರಳಿ ಬರುವುದಿಲ್ಲ. ಆದ್ದರಿಂದ ಮೊದಲು ಕಾಗದ, ಆಮೇಲೆ ತಗಡು, ಅದರ ನಂತರ ಎಂಜಿನ್, ಕಟ್ಟಕಡೆಗೆ ಬಣ್ಣ ಎಂಬ ಕ್ರಮದಲ್ಲಿ ಕೆಲಸ ನಡೆಸಬೇಕು.

ಯಾವ ಸ್ಕೂಟರ್ ಕೊಳ್ಳಬೇಕೆಂಬುದನ್ನು ನಿರ್ಧರಿಸಲು ಅದರ ಕುಲಮೂಲ ತಿಳಿದಿರಬೇಕು. ಬಜಾಜ್ ಸಂಸ್ಥೆಯು 1960ರ ದಶಕದ ಆರಂಭದಿಂದ ಇಟಲಿಯ ಪಿಯಾಜಿಯೊ ಕಂಪನಿಯ ಪರವಾನಗಿಯ ಮೇಲೆ ವೆಸ್ಪಾ 150 ತಯಾರಿಸುತ್ತಿತ್ತು. 1971ರಲ್ಲಿ ಆ ಒಪ್ಪಂದ ಮುಗಿಯಿತು, 1972ರಲ್ಲಿ ಚೇತಕ್ ಬಂದಿತು. ಲ್ಯಾಂಬ್ರೆಟಾ ಇನ್ನೊಂದು ಮನೆತನ. ಅದನ್ನು ಮೊದಲು ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆ ತಯಾರಿಸಿತು. 1972ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ಸ್ಕೂಟರ್ಸ್ ಇಂಡಿಯಾ, ಇಟಲಿಯ ಇನ್ನೊಸೆಂಟಿ ಕಾರ್ಖಾನೆಯ ಯಂತ್ರಗಳನ್ನೇ ತರಿಸಿಕೊಂಡು ವಿಜಯ್ ಸೂಪರ್ ಸ್ಕೂಟರನ್ನು ಹೊರತಂದಿತು. ವೆಸ್ಪಾ ಮನೆತನದ ಗಾಡಿಗೆ ಬೇರೆ ಚಾಸಿ ಇಲ್ಲ, ಒತ್ತಿ ಬೆಸೆದ ತಗಡಿನ ಬಾಡಿಯೇ ಅದರ ಎಲುಬು. ಲ್ಯಾಂಬ್ರೆಟಾದಲ್ಲಿ ದಪ್ಪ ಕೊಳವೆಯ ಚಾಸಿ ಇದ್ದು, ತಗಡುಗಳನ್ನು ಅದಕ್ಕೆ ಹೊದಿಸಲಾಗಿರುತ್ತದೆ. ಹೀಗಾಗಿ ಲ್ಯಾಂಬ್ರೆಟಾದ ತಗಡು ತುಕ್ಕು ತಿಂದಿದ್ದರೆ ಬದಲಿಸಬಹುದು. ಬಜಾಜ್ ಗಾಡಿಯ ನಡುಭಾಗ ತುಕ್ಕು ತಿಂದಿದ್ದರೆ ಗಾಡಿಯೇ ಹೋದಂತೆ. ಮೊದಲ ಬಾರಿಗೆ ಈ ಹವ್ಯಾಸಕ್ಕೆ ಇಳಿಯುವವರು ಹಳೆಯ ಚೇತಕ್ ಅಥವಾ ಬಜಾಜ್ ಸೂಪರ್ ಆರಿಸಿಕೊಳ್ಳುವುದು ಒಳ್ಳೆಯದು. ಅವುಗಳ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಅವನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಮಿಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

ಗಾಡಿ ನೋಡಲು ಹೋಗುವಾಗ ಒಂದು ಸಣ್ಣ ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. ಕಾಲಿಡುವ ತಗಡು, ಅದು ಮೇಲೇಳುವ ತಿರುವು, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಇಷ್ಟೂ ಕಡೆ ಅದನ್ನು ಮೆಲ್ಲಗೆ ಓಡಿಸಿ. ಹಿಡಿತ ಸಡಿಲವಾದಲ್ಲಿ ತಗಡಿನ ಮೇಲೆ ಪುಟ್ಟಿ ದಪ್ಪಗೆ ಮೆತ್ತಿದೆ ಎಂದೇ ಅರ್ಥ. ಕಾಲಡಿಯ ರಬ್ಬರ್ ಹಾಸನ್ನು ಎತ್ತಿ ನೋಡಲೇಬೇಕು, ಏಕೆಂದರೆ ಮಳೆನೀರು ಅದರಡಿ ನಿಂತು ತಗಡನ್ನು ಒಳಗಿಂದೊಳಗೇ ತಿಂದಿರುತ್ತದೆ. ಎರಡು ಗಾಡಿಗಳ ಅರ್ಧರ್ಧ ಭಾಗ ಬೆಸೆದು ಒಂದು ಮಾಡಿ, ಮೇಲೆ ಢಾಳಾದ ಬಣ್ಣ ಬಳಿದು ಮಾರುವ ಚಾಳಿ ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ಆದ್ದರಿಂದ ಈಗಾಗಲೇ ಮಿರುಗುವಂತೆ ಸಿಂಗರಿಸಿಟ್ಟ ಗಾಡಿಗಿಂತ, ಧೂಳು ತುಂಬಿದರೂ ಯಾರೂ ಕೈ ಹಚ್ಚದ ಗಾಡಿಯೇ ಮೇಲು.

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷ ತೊಡಕಿದೆ. ಮೂರೂ ಜಿಲ್ಲೆಗಳು ಗಡಿಗೆ ಹತ್ತಿರವಿರುವುದರಿಂದ ಇಲ್ಲಿನ ಹಳೆಯ ಗಾಡಿಗಳ ನೋಂದಣಿ ಸೊಲ್ಲಾಪುರದಲ್ಲೋ ಲಾತೂರಿನಲ್ಲೋ ಹೈದರಾಬಾದಿನಲ್ಲೋ ಆಗಿರುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಕಲಬುರಗಿಯ ಕೆಎ 32, ಯಾದಗಿರಿಯ ಕೆಎ 33 ಅಥವಾ ಬೀದರಿನ ಕೆಎ 38 ಕಚೇರಿಗೆ ತರಬೇಕಾದರೆ, ಮೂಲ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ಎನ್‌ಒಸಿ ಪಡೆಯಬೇಕು. ಮಾಲೀಕತ್ವ ಬದಲಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಮೊದಲ ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಒಪ್ಪಿಗೆಯನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಬಜಾಜ್ ಗಾಡಿಗಳಲ್ಲಿ ಎಂಜಿನ್ ಕಡೆಯ ಡಿಕ್ಕಿ, ಅಂದರೆ ಪಕ್ಕದ ಉಬ್ಬಿದ ತಗಡಿನ ಹೊದಿಕೆ, ತೆಗೆದರೆ ಬಾಡಿಯ ಹಿಂಭಾಗದಲ್ಲಿ ಕೆತ್ತಿದ ಚಾಸಿ ನಂಬರ್ ಕಾಣುತ್ತದೆ. ಅದರ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿಯೊಂದಿಗೆ ತಾಳೆ ನೋಡಬೇಕು. ನಂಬರಿನ ಒಂದು ಅಂಕಿ ಹೊಂದದಿದ್ದರೂ, ಗಾಡಿ ಎಷ್ಟೇ ಚೆಂದವಿದ್ದರೂ, ಬಿಟ್ಟು ಬರುವುದೇ ಸರಿ.

ಬಿಚ್ಚುವ ಮೊದಲು ಗಾಡಿಯ ಪ್ರತಿ ಮಗ್ಗುಲಿನ ಫೋಟೊ ತೆಗೆಯಿರಿ. ವೈರುಗಳು, ಕೇಬಲ್ಲುಗಳು ಎಲ್ಲಿ ತೂರಿ ಎಲ್ಲಿ ಹೊರಡುತ್ತವೆ ಎಂಬುದನ್ನು ಹತ್ತಿರದಿಂದ ತೆಗೆಯಿರಿ. ಬಿಚ್ಚಿದ ಬೋಲ್ಟುಗಳನ್ನು ಆಯಾ ಭಾಗದ ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿಡಬೇಕು. ಎಷ್ಟೇ ಹಾಳಾಗಿ ಕಂಡರೂ ಹೊಸ ಭಾಗ ಗಾಡಿಗೆ ಕೂತು ಕೆಲಸ ಮಾಡುವವರೆಗೆ ಹಳೆಯದನ್ನು ಎಸೆಯಬಾರದು; ಹೊಸದಾಗಿ ತಯಾರಾಗಿ ಬರುವ ಭಾಗಗಳ ಅಳತೆ ಎಷ್ಟೋ ಸಲ ಹೊಂದುವುದಿಲ್ಲ.

ಚಕ್ರ ಬಿಚ್ಚುವಾಗ ವಿಶೇಷ ಎಚ್ಚರ ಬೇಕು. ಈ ಸ್ಕೂಟರುಗಳ ರಿಮ್ ಎರಡು ಹೋಳುಗಳನ್ನು ನಟ್ಟುಗಳಿಂದ ಬಿಗಿದು ಮಾಡಿದ್ದು. ಟ್ಯೂಬಿನಲ್ಲಿ ಗಾಳಿ ಇರುವಾಗಲೇ ಆ ನಟ್ಟುಗಳನ್ನು ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೆ ಬಡಿಯುತ್ತವೆ. ಮೊದಲು ವಾಲ್ವ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ಹಾಗೆಯೇ, ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರ್ ಗಾಳಿಯಿಂದಾಗಲಿ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ನಿಂತು ತುಳಿಯುವುದು ಅದಕ್ಕೆ ಮಾಡುವ ಅತಿ ದೊಡ್ಡ ಅನ್ಯಾಯ. ಪ್ಲಗ್ ತೆಗೆದು ಅದರ ತೂತಿನಿಂದ ಸ್ವಲ್ಪ ಡೀಸೆಲ್ ಮತ್ತು ತೆಳು ಎಣ್ಣೆ ಸುರಿದು ಕೆಲವು ದಿನ ಬಿಡಬೇಕು. ಆಮೇಲೆ ಮ್ಯಾಗ್ನೆಟ್ ಚಕ್ರವನ್ನು (ಫ್ಲೈವೀಲ್) ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತ ಹೋದರೆ ಪಿಸ್ಟನ್ ಕ್ರಮೇಣ ಬಿಡುತ್ತದೆ. ಬಿಟ್ಟಿತೆಂದು ಕೂಡಲೇ ಸ್ಟಾರ್ಟ್ ಮಾಡಬಾರದು. ಹಳೆಯ ವೆಸ್ಪಾ ಮತ್ತು ಚೇತಕ್ ಎಂಜಿನ್ನುಗಳಲ್ಲಿ ಕಾರ್ಬೊರೇಟರಿನಿಂದ ಬರುವ ಪೆಟ್ರೋಲ್–ಗಾಳಿಯ ಮಿಶ್ರಣಕ್ಕೆ ಬೇರೆ ವಾಲ್ವ್ ಇಲ್ಲ. ತಿರುಗುವ ಕ್ರ್ಯಾಂಕಿನ ಒಂದು ತಟ್ಟೆಯೇ, ಎಂಜಿನ್ ಕೇಸಿನ ನಯವಾದ ಮೈಗೆ ಕೂದಲೆಳೆಯಷ್ಟೇ ಸಂದು ಬಿಟ್ಟು ಸುತ್ತುತ್ತ, ಮಿಶ್ರಣ ಒಳಬರುವ ಬಾಗಿಲನ್ನು ತೆರೆದು ಮುಚ್ಚುತ್ತದೆ. ಬೇರಿಂಗ್ ಚೂರಾಗಲಿ ತುಕ್ಕಿನ ಹರಳಾಗಲಿ ಅಲ್ಲಿ ಸಿಕ್ಕಿ ಆ ಮೈ ಗೀರು ಬಿದ್ದರೆ ಇಡೀ ಕೇಸೇ ನಿರುಪಯುಕ್ತವಾಗುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ತೆರೆದು, ಬೇರಿಂಗುಗಳನ್ನೂ ಎರಡೂ ಬದಿಯ ಆಯಿಲ್ ಸೀಲುಗಳನ್ನೂ ಪ್ಯಾಕಿಂಗುಗಳನ್ನೂ ತಪ್ಪದೆ ಬದಲಿಸಬೇಕು.

ಆಯಿಲ್ ಸೀಲಿನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ಎಷ್ಟೋ ಗಾಡಿಗಳು ಹಾಳಾಗುವುದು ಈ ಸಣ್ಣ ರಬ್ಬರ್ ಬಳೆಯಿಂದ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ ಹೀರಿಕೊಂಡು ದಟ್ಟವಾದ ಹೊಗೆ ಬಿಡುತ್ತದೆ; ಪಿಸ್ಟನ್ ರಿಂಗ್ ಬದಲಿಸಿದರೆ ಆ ಹೊಗೆ ನಿಲ್ಲುವುದಿಲ್ಲ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಅಬ್ಬರಿಸುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ಏಪ್ರಿಲ್–ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ. ಸಿಲಿಂಡರ್ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದು, ಆದರೆ ಪಿಸ್ಟನ್ನನ್ನು ಮೊದಲು ಕೊಂಡು ಅದರ ಅಳತೆಗೇ ಬೋರ್ ಮಾಡಿಸಬೇಕು. ಗೇರ್ ಪೆಟ್ಟಿಗೆಗೆ ಸುಮಾರು 250 ಮಿಲಿ ಎಸ್‌ಎಇ 30 ಎಣ್ಣೆ ಸಾಕು. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಚೇತಕ್‌ಗೆ ಲೀಟರಿಗೆ 20 ಮಿಲಿ. ಹಳೆಯ ಲ್ಯಾಂಬ್ರೆಟಾ ಎಂಜಿನ್ ಇದರ ಇಮ್ಮಡಿ ಕೇಳುತ್ತದೆ; ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬಾರದು.

ಕಿಕ್ ಹೊಡೆಯುವ ಮೊದಲು ಸ್ಕೂಟರನ್ನು ಪಕ್ಕಕ್ಕೆ ಬಾಗಿಸುವ ರೂಢಿ ನಮ್ಮ ಹಿರಿಯರೆಲ್ಲರಿಗೂ ಇತ್ತು. ಟ್ಯಾಂಕಿನಲ್ಲಿ ಸಾಕಷ್ಟು ಪೆಟ್ರೋಲ್ ಇದ್ದೂ ಪ್ರತಿ ಸಲ ಬಾಗಿಸಬೇಕಾಗಿ ಬಂದರೆ, ಪೆಟ್ರೋಲ್ ಕಾಕ್ ಕಟ್ಟಿದೆ ಅಥವಾ ಕಾರ್ಬೊರೇಟರಿನ ಫ್ಲೋಟ್ ಅಂಟಿದೆ ಎಂದು ತಿಳಿದು ಅದನ್ನು ಸ್ವಚ್ಛಗೊಳಿಸಬೇಕು. ಈಗ ಬಂಕ್‌ಗಳಲ್ಲಿ ಬರುವ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರು ನಿಲ್ಲಿಸುತ್ತದೆ. ಪೈಪು, ಕಾಕ್ ವಾಷರ್, ಫ್ಲೋಟ್ ಪಿನ್‌ಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸುವುದು ಅವಶ್ಯ. ವೈರಿಂಗ್ ಹಳೆಯದಾಗಿದ್ದರೆ ಪೂರ್ತಿ ಹೊಸದು ಹಾಕಿಸಿ. ಕಿಡಿಯ ಹೊತ್ತನ್ನು ನಿಯಂತ್ರಿಸುವ ಪಾಯಿಂಟಿನ ಸಂದು 0.3ರಿಂದ 0.5 ಮಿಮೀ, ಪ್ಲಗ್ ಸಂದು ಸುಮಾರು 0.6 ಮಿಮೀ ಇದ್ದರೆ ಕಿಡಿ ಚೆನ್ನಾಗಿ ಬರುತ್ತದೆ.

ಎಂಜಿನ್ ಓಡಿದ ಮೇಲಷ್ಟೇ ಬಣ್ಣದ ಮಾತು. ಮೂಲ ಬಣ್ಣ ಸುಮಾರಾಗಿ ಉಳಿದಿದ್ದರೆ ಅದನ್ನು ತೊಳೆದು, ಪಾಲಿಶ್ ಮಾಡಿ, ಹಾಗೆಯೇ ಇಟ್ಟುಕೊಳ್ಳುವುದೇ ಶ್ರೇಷ್ಠ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಲ್ಲಿ ಗೀರು ಬಿದ್ದ ಕಾರ್ಖಾನೆಯ ಬಣ್ಣಕ್ಕೆ ಇರುವ ಬೆಲೆ ಯಾವ ಹೊಸ ಬಣ್ಣಕ್ಕೂ ಇಲ್ಲ. ಹೊಡೆಸಲೇಬೇಕಾದರೆ ಮೂಲ ಬಣ್ಣ ಯಾವುದೆಂದು ಮೊದಲು ಪತ್ತೆ ಹಚ್ಚಬೇಕು. ಪೆಟ್ರೋಲ್ ಟ್ಯಾಂಕ್ ಎತ್ತಿ ಅದರಡಿಯ ಗೂಡನ್ನು ನೋಡಿ. ಬಿಸಿಲು ಕಾಣದ ಆ ಜಾಗಕ್ಕೆ ಮರುಬಣ್ಣ ಹೊಡೆಯುವವರು ಸಾಮಾನ್ಯವಾಗಿ ಕೈ ಹಾಕಿರುವುದಿಲ್ಲ. ಶಹಾಪುರದ ಕಡೆಯಿಂದ ಬಂದ ಒಂದು ಬಜಾಜ್ 150 ಹೊರಗಿನಿಂದ ಕಡುಕೆಂಪಾಗಿತ್ತು. ಟ್ಯಾಂಕ್ ಎತ್ತಿದಾಗ ಅದರಡಿ ತಿಳಿನೀಲಿ ಹೊಚ್ಚಹೊಸದರಂತೆ ಇತ್ತು, ಮಡ್‌ಗಾರ್ಡಿನ ಒಳಮೈಯನ್ನು ಸೀಮೆಎಣ್ಣೆಯಿಂದ ಉಜ್ಜಿದಾಗ ಅದೇ ನೀಲಿ ಹೊರಬಂತು. ಅಂಥ ತುಣುಕನ್ನು ತೋರಿಸಿದರೆ ಬಣ್ಣದ ಅಂಗಡಿಯಲ್ಲಿ ಸರಿಹೊಂದಿಸಿ ಕೊಡುತ್ತಾರೆ.

ನಮ್ಮ ಹವಾಮಾನದಲ್ಲಿ ಬಣ್ಣಕ್ಕೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲವೇ ಸೂಕ್ತ. ಬೇಸಿಗೆಯ ಮಧ್ಯಾಹ್ನ ಬಣ್ಣ ತಗಡಿಗೆ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ ಬಿಳಿಚಿಕೊಳ್ಳುತ್ತದೆ. ಕೋಣೆಯ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿಕೊಂಡು ಬೆಳಗಿನ ಹೊತ್ತು ಕೆಲಸ ಮುಗಿಸುವಂತೆ ಪೇಂಟರಿಗೆ ಹೇಳಿ. ಪಿಯು (ಪಾಲಿಯುರೆಥೇನ್) ಬಣ್ಣ ಬಳಸುವುದಾದರೆ ಸರಿಯಾದ ಮುಖಗವಸು ಇಲ್ಲದೆ ಅವರನ್ನು ಕೆಲಸಕ್ಕೆ ಹಚ್ಚಬೇಡಿ. ಅದರ ಆವಿ ಶ್ವಾಸಕೋಶಕ್ಕೆ ನಿಜವಾದ ಹಾನಿ ಮಾಡುತ್ತದೆ. ಬೀದರಿನವರಿಗೆ ಹ್ಯಾಂಡಲ್ಲಿಗೋ ಡಿಕ್ಕಿಗೋ ಬಿದ್ರಿ ಕುಸುರಿಯ ಬಿಲ್ಲೆ ಕೂರಿಸುವ ಆಸೆ ಬರುವುದು ಸಹಜ. ಆ ಕಲೆಯ ಮೇಲೆ ನನಗೂ ಅಪಾರ ಅಭಿಮಾನವಿದೆ, ಆದರೆ ಪ್ರದರ್ಶನದ ಗಾಡಿಯಲ್ಲಿ ಕಾರ್ಖಾನೆಯ ಬಿಲ್ಲೆಯ ಜಾಗದಲ್ಲಿ ಕಾರ್ಖಾನೆಯ ಬಿಲ್ಲೆಯೇ ಇರಬೇಕು.

ಈ ಹಟಕ್ಕೆ ಕಾನೂನಿನ ಬೆಂಬಲವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದೆ ಮೂಲರೂಪದಲ್ಲಿರುವ ದ್ವಿಚಕ್ರ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಆದರೆ ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮೊದಲಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯ ಓಡಿಸುವ ಮನಸ್ಸಿರುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು.

ಪ್ರದರ್ಶನದಲ್ಲಿ ಜನ ನಿಂತು ನೋಡುವುದು ಹೊಳಪನ್ನಲ್ಲ, ಗಾಡಿಯ ಚರಿತ್ರೆಯನ್ನು. ಚೇತಕ್ ಬುಕ್ ಮಾಡಿ ವರ್ಷಗಟ್ಟಲೆ ಕಾದ ಕಾಲ ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. ಹಳೆಯ ಬುಕಿಂಗ್ ರಸೀದಿಯೋ, ಮನೆಮಂದಿ ಗಾಡಿಯ ಮುಂದೆ ನಿಂತ ಫೋಟೊವೋ ಇದ್ದರೆ ಅದರ ಪ್ರತಿಯನ್ನು ಫಲಕಕ್ಕೆ ಅಂಟಿಸಿ. ಫಲಕವನ್ನು ಕನ್ನಡದಲ್ಲಿ ಬರೆಸಿ, ಮಾದರಿ, ತಯಾರಾದ ವರ್ಷ, ಮೂಲ ಊರುಗಳೊಂದಿಗೆ ಯಾವ ಭಾಗಗಳು ಹೊಸವು ಎಂಬುದನ್ನೂ ಪ್ರಾಮಾಣಿಕವಾಗಿ ನಮೂದಿಸಿ. ದುರಸ್ತಿಗೆ ಮೊದಲಿನ ಫೋಟೊಗಳನ್ನೂ ಪಕ್ಕದಲ್ಲಿಡಿ. ಸ್ಟೆಪ್ನಿ, ಜ್ಯಾಕ್, ಪಾನಾಗಳು ಅವುಗಳ ಜಾಗದಲ್ಲಿರಲಿ. ಟ್ಯಾಂಕಿನಲ್ಲಿ ಪೆಟ್ರೋಲ್ ಅತಿ ಕಡಿಮೆ ಇಟ್ಟು ಕಾಕ್ ಮುಚ್ಚಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಬೀದರ್ ಕೋಟೆಯಂಥ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಆಲೋಚನೆ ಇದ್ದರೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಬಹಳ ಮುಂಚೆಯೇ ಕೇಳಬೇಕು. ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಗಾಡಿಯನ್ನು ಓಡಿಸಿಕೊಂಡೇ ಹೋಗುವವರು, ಹೊಸ ಪಿಸ್ಟನ್ ಹಾಕಿಸಿದ್ದರೆ ಮೊದಲ 500 ಕಿಲೋಮೀಟರುಗಳಲ್ಲಿ 40ರ ವೇಗ ಮೀರದೆ, ಆಗಾಗ ನೆರಳಿನಲ್ಲಿ ನಿಲ್ಲಿಸಿ ಎಂಜಿನ್ ತಣಿಸಿಕೊಳ್ಳುತ್ತ ಸಾಗಬೇಕು.

ಪ್ರದರ್ಶನ ಮುಗಿದು ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ, ಕಾಕ್ ಮುಚ್ಚಿ ಕಾರ್ಬೊರೇಟರ್ ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದು, ಪ್ಲಗ್ ತೂತಿನಿಂದ ಒಂದು ಚಮಚ 2ಟಿ ಆಯಿಲ್ ಬಿಟ್ಟು ಒಂದೆರಡು ಸಲ ಮೆಲ್ಲಗೆ ಕಿಕ್ ತಿರುಗಿಸಿ ಪ್ಲಗ್ ಮುಚ್ಚಬೇಕು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಹತ್ತಿಯ ಬಟ್ಟೆ ಹೊದಿಸಿ, ತಿಂಗಳಿಗೊಮ್ಮೆ ಚಕ್ರಗಳನ್ನು ತಿರುಗಿಸಿ ಟೈರುಗಳ ಗಾಳಿ ನೋಡುತ್ತಿರಬೇಕು.